ಮಕ್ಕಳು, ಮೊಣಕಾಲು ನೋವಿನ ಮಾವನವರು ಎಲ್ಲರೂ ಸೇರಿ ಚಿತ್ರದುರ್ಗದ ಕೋಟೆ ನೋಡೋದು ಹೇಗೆ? ಹೋಗಿ ಬಂದವರು ಹೇಳಿ

ಕೇಳಿದವರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನವೆಂಬರ್ 11ಕ್ಕೆ ಒನಕೆ ಓಬವ್ವ ಜಯಂತಿ ಇದೆಯಲ್ಲ, ಮಗಳ ಶಾಲೆಯಲ್ಲಿ ಸಣ್ಣ ನಾಟಕ ಮಾಡಿಸುತ್ತಿದ್ದಾರೆ. ಅವಳಿಗೆ ಓಬವ್ವನ ಪಾತ್ರ ಸಿಕ್ಕಿದೆ. ಆರನೇ ಕ್ಲಾಸು. ಪಾತ್ರ ಸಿಕ್ಕಿದ ದಿನದಿಂದ "ಅಮ್ಮಾ, ಆ ಕಿಂಡಿ ನಿಜವಾಗ್ಲೂ ಇದೆಯಾ, ಒಳಗೆ ಹೋಗಬಹುದಾ" ಅಂತ ಒಂದೇ ಸಮನೆ ಕೇಳುತ್ತಿದ್ದಾಳೆ. ಅರವತ್ತು ಕಿಲೋಮೀಟರ್ ದೂರದಲ್ಲಿ ಇದ್ದುಕೊಂಡೂ ನಾನು ಕೋಟೆ ನೋಡಿದ್ದು ಒಂದೇ ಸಲ, ಕಾಲೇಜಿನ ಟೂರಿನಲ್ಲಿ. ಫೋಟೋ ತೆಗೆಸಿಕೊಂಡಿದ್ದು ಬಿಟ್ಟರೆ ಏನೂ ನೆನಪಿಲ್ಲ.

ಈ ತಿಂಗಳ ಕೊನೇ ಭಾನುವಾರ ಹೋಗೋಣ ಅಂತಿದ್ದೇವೆ. ನಾನು, ಯಜಮಾನರು, ಮಗಳು, ಎಂಟು ವರ್ಷದ ಮಗ, ಜೊತೆಗೆ ನಮ್ಮ ಮಾವನವರು. ಮಾವನವರಿಗೆ 67. ನಡೆಯುತ್ತಾರೆ, ಆದರೆ ಮೆಟ್ಟಿಲು ಅಂದರೆ ಮೊಣಕಾಲು ಹಿಡಿಯುತ್ತದೆ. "ನಾನು ಮನೇಲಿ ಇರ್ತೀನಿ, ನೀವು ಹೋಗಿ ಬನ್ನಿ" ಅಂತಾರೆ, ಆದರೆ ಅವರಿಗೂ ಆಸೆ ಇದೆ ಅಂತ ನಮಗೆ ಗೊತ್ತು. ಎಷ್ಟು ಹೊತ್ತು ಬೇಕು? ಏನು ನೋಡಬೇಕು, ಏನು ಬಿಡಬೇಕು? ಗೈಡ್ ಬೇಕಾ? ಸುಮ್ಮನೆ ಸುತ್ತಿ ಬರೋದು ಬೇಡ, ಮಕ್ಕಳಿಗೆ ಇಲ್ಲಿ ಯುದ್ಧ ಹೇಗೆ ನಡೆಯಿತು ಅನ್ನೋದು ಕಣ್ಣಿಗೆ ಕಟ್ಟಬೇಕು ಅನ್ನೋ ಆಸೆ.

ಕೋಟೆ ಪಕ್ಕದ ಮನೆಯವರು, ಚಿತ್ರದುರ್ಗ

ಮೊದಲು ಮಾವನವರನ್ನು ಬಿಟ್ಟು ಬರಬೇಡಿ ಮೇಡಂ. ನಮ್ಮ ತಂದೆ 74ರಲ್ಲೂ ಏಕನಾಥೇಶ್ವರಿ ಗುಡಿವರೆಗೆ ಹತ್ತುತ್ತಿದ್ದರು. ನಿಂತು, ಕೂತು, ನೀರು ಕುಡಿದು. ಅವಸರ ಮಾಡದಿದ್ದರೆ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು. ದಾವಣಗೆರೆಯವರು ಹೆಚ್ಚಿನವರು ಮಾಡೋ ತಪ್ಪು ಏನು ಗೊತ್ತಾ? ಆರಾಮಾಗಿ ಎದ್ದು, ಬೆಣ್ಣೆದೋಸೆ ತಿಂದು, ಹತ್ತೂವರೆಗೆ ಕೋಟೆ ಬಾಗಿಲಿಗೆ ಬರುತ್ತಾರೆ. ಅಷ್ಟೊತ್ತಿಗೆ ಬಂಡೆ ಕಾದಿರುತ್ತದೆ. ಇಡೀ ಬೆಟ್ಟ ಕಲ್ಲೇ ಅಲ್ವಾ, ಮೇಲಿಂದ ಬಿಸಿಲು, ಕೆಳಗಿಂದ ಕಾವು. ಒಂದು ಗಂಟೆಯಲ್ಲಿ ಮಕ್ಕಳು ಸುಸ್ತು, ದೊಡ್ಡವರಿಗೆ ಸಿಟ್ಟು, ಓಬವ್ವನ ಕಿಂಡಿ ಹತ್ತಿರ ಒಂದು ಫೋಟೋ, ಮುಗೀತು. ನೀವು ಐದೂವರೆಗೆ ಮನೆ ಬಿಡಿ. ಏಳರ ಒಳಗೆ ಬಾಗಿಲಲ್ಲಿ ಇರಿ. ದೋಸೆ ವಾಪಸ್ ಬರುವಾಗ ತಿನ್ನಬಹುದು, ಎಲ್ಲೂ ಓಡಿಹೋಗಲ್ಲ. ಟಿಕೆಟ್ ದುಬಾರಿಯೇನಲ್ಲ, 15 ವರ್ಷದ ಒಳಗಿನ ಮಕ್ಕಳಿಗೆ ಇಲ್ಲ.

ಬಾಗಿಲು ದಾಟಿದ ಕೂಡಲೇ ಮೇಲೆ ಓಡಬೇಡಿ. ಅಲ್ಲೇ ಹತ್ತು ನಿಮಿಷ ನಿಲ್ಲಿ. ದಾರಿ ನೇರ ಇಲ್ಲ, ನೋಡಿ. ಬಾಗಿಲು ದಾಟಿ ತಿರುವು, ಮತ್ತೆ ಗೋಡೆ, ಮತ್ತೆ ತಿರುವು. ಎದುರಿಗೆ ಬರೀ ಕಲ್ಲುಗೋಡೆ ಕಾಣುತ್ತದೆ, ಮುಂದಿನ ಬಾಗಿಲು ಎಲ್ಲಿದೆ ಅಂತ ಹತ್ತಿರ ಹೋಗುವವರೆಗೆ ಗೊತ್ತೇ ಆಗಲ್ಲ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬೇಕಾದರೆ ಅದಕ್ಕೆ ಓಡೋಕೆ ಜಾಗ ಬೇಕು. ಇಲ್ಲಿ ಆ ಜಾಗವನ್ನೇ ಕೊಟ್ಟಿಲ್ಲ. ಒಳಗೆ ನುಗ್ಗಿದವರು ತಿರುವಿನಲ್ಲಿ ಗುಂಪು ಕಟ್ಟಿಕೊಂಡು ನಿಲ್ಲಬೇಕು, ಮೇಲೆ ಗೋಡೆಯ ಮೇಲಿಂದ ಕಲ್ಲು, ಗುಂಡು, ಏನು ಬೇಕಾದರೂ ಬೀಳುತ್ತದೆ. ನಿಮ್ಮ ಮಗನಿಗೆ ಹೇಳಿ, "ನೀನು ಹೈದರನ ಸೈನಿಕ, ಈಗ ಮುಂದಿನ ಬಾಗಿಲು ಹುಡುಕು" ಅಂತ. ಏಳು ಸುತ್ತಿನ ಕೋಟೆ ಅಂದರೆ ಏನು ಅಂತ ಆಮೇಲೆ ನೀವು ಹೇಳಿಕೊಡಬೇಕಾಗಿಲ್ಲ.

ಗೋಡೆಯ ಕಲ್ಲುಗಳನ್ನೂ ಮುಟ್ಟಿಸಿ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ, ಸಂದಿಯಲ್ಲಿ ಉಗುರು ಹೋಗದ ಜಾಗಗಳಿವೆ. ಆಮೇಲೆ ಮದ್ದು ಬೀಸುವ ಕಲ್ಲು ಸಿಗುತ್ತದೆ. ದೊಡ್ಡ ದೊಡ್ಡ ನಾಲ್ಕು ಬೀಸುವ ಕಲ್ಲು, ತಗ್ಗಿನಲ್ಲಿ ಇವೆ. ಫಿರಂಗಿಗೆ ಬೇಕಾದ ಮದ್ದು ಇಲ್ಲೇ ಅರೆಯುತ್ತಿದ್ದರು. ಮನೆಯಲ್ಲಿ ಅಜ್ಜಿ ರಾಗಿ ಬೀಸುತ್ತಿದ್ದ ಕಲ್ಲು ನೋಡಿದ ಮಕ್ಕಳಾದರೆ ತಕ್ಷಣ ಗುರುತು ಹಿಡಿಯುತ್ತಾರೆ.

ಅಲ್ಲಿಂದ ಮೇಲೆ ಸಮತಟ್ಟಾದ ಜಾಗ. ಏಕನಾಥೇಶ್ವರಿ, ಉಯ್ಯಾಲೆ ಕಂಬ, ದೀಪಸ್ತಂಭ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ. ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬಾಸುರನ ಹಲ್ಲು ಅಂತ ಒಂದನ್ನು ತೋರಿಸುತ್ತಾರೆ, ಮಗನಿಗೆ ಖಂಡಿತ ಇಷ್ಟವಾಗುತ್ತದೆ. ಮಾವನವರನ್ನು ಇಲ್ಲೇ ನೆರಳಿನಲ್ಲಿ ಕೂರಿಸಿ. ಗಾಳಿ ಚೆನ್ನಾಗಿ ಬರುತ್ತದೆ. ಕಿಂಡಿಗೆ ಹೋಗಿ ಬರೋದಕ್ಕೆ ಒಬ್ಬರು ಅವರ ಜೊತೆ ಇದ್ದರೆ ಸಾಕು.

ಈಗ ಕಿಂಡಿ. ದಯವಿಟ್ಟು ನೇರ ಕಿಂಡಿಗೆ ಹೋಗಬೇಡಿ. ಮೊದಲು ತಣ್ಣೀರು ದೋಣಿ ನೋಡಿ. ಬಂಡೆಯ ನಡುವೆ ಸಣ್ಣ ನೀರಿನ ಜಾಗ. ಓಬವ್ವನ ಗಂಡ, ಕಹಳೆ ಊದುವ ಕಾವಲುಗಾರ ಮುದ್ದಹನುಮ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದ, ಅವನಿಗೆ ನೀರು ತರಲು ಓಬವ್ವ ಬಂದಿದ್ದು ಇಲ್ಲಿಗೆ. ನೀರಿಗೆ ಬಂದವಳ ಕಿವಿಗೆ ಬಿದ್ದ ಸದ್ದು ಪಕ್ಕದ ಕಿಂಡಿಯಲ್ಲಿ ತೂರಿ ಬರುತ್ತಿದ್ದ ಹೈದರಾಲಿಯ ಸೈನಿಕರದು. ದೋಣಿ ಹತ್ತಿರ ನಿಂತು ಮಗಳಿಗೆ ಕತೆ ಶುರು ಮಾಡಿ, ಆಮೇಲೆ ನಡೆದುಕೊಂಡು ಕಿಂಡಿಗೆ ಹೋಗಿ. ಎಷ್ಟು ಹತ್ತಿರ ಅಂತ ಅವಳಿಗೇ ಗೊತ್ತಾಗುತ್ತದೆ. ಮನೆ, ನೀರು, ಶತ್ರು, ಮೂರೂ ಒಂದು ಕೂಗಿನ ದೂರದಲ್ಲಿ.

ಕಿಂಡಿ ಒಳಗೆ ಒಬ್ಬರೇ ಹೋಗಬಹುದು. ನೆಟ್ಟಗೆ ನಿಂತು ನಡೆಯೋಕೆ ಆಗಲ್ಲ. ಬಗ್ಗಬೇಕು, ಒಂದು ಭುಜ ಮುಂದೆ ಹಾಕಬೇಕು, ತಲೆ ಮೊದಲು ಬರುತ್ತದೆ. ಆ ಕಡೆಯಿಂದ ಬರುವವನ ಕೈ ಎರಡೂ ಬಂಡೆ ಹಿಡಿದುಕೊಂಡಿರುತ್ತವೆ, ಕತ್ತಿ ಬೀಸೋಕೆ ಜಾಗ ಇಲ್ಲ. ಒಬ್ಬ ಹೆಂಗಸು ಒನಕೆ ಹಿಡಿದು ಅಷ್ಟು ಜನರನ್ನು ಹೇಗೆ ಹೊಡೆದಳು ಅಂತ ಕೆಲವರು ಕೇಳುತ್ತಾರೆ. ಅಲ್ಲಿ ಒಂದು ಸಲ ತೂರಿ ಬಂದವರು ಆ ಪ್ರಶ್ನೆ ಕೇಳಲ್ಲ.

ಸಮಾಜ ಪಾಠ ಮಾಡುವ ಮೇಡಂ, ಹೊಳಲ್ಕೆರೆ ಕಡೆ

ನಾನು ಹನ್ನೊಂದು ವರ್ಷದಿಂದ ಪ್ರತಿ ವರ್ಷ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಮೊದಮೊದಲು ನಾನೂ ರಾಜರ ಹೆಸರು, ಇಸವಿ, ಬಾಗಿಲು ಎಷ್ಟು ಅಂತ ಹೇಳುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಬಸ್ ಹತ್ತೋ ಹೊತ್ತಿಗೆ ಮರೆಯುತ್ತಿದ್ದರು. ಈಗ ಒಂದೇ ಕೆಲಸ ಕೊಡುತ್ತೇನೆ. ನೀರು ಹುಡುಕಿ ಅಂತ.

ಯಾಕೆ ಅಂದರೆ ಈ ಕೋಟೆಯ ಯುದ್ಧ ಅರ್ಥವಾಗೋದು ನೀರಿನಿಂದ. ನಮ್ಮದು ಮಳೆ ಕಡಿಮೆ ಇರೋ ಸೀಮೆ. ಇಲ್ಲಿ ಬೆಟ್ಟದ ಮೇಲೆ ಇಷ್ಟು ಜನ, ಸೈನ್ಯ, ಕುದುರೆ, ಆನೆ ಇಟ್ಟುಕೊಂಡು ತಿಂಗಳುಗಟ್ಟಲೆ ಮುತ್ತಿಗೆ ತಡೆಯಬೇಕು ಅಂದರೆ ಗೋಡೆ ಒಂದೇ ಸಾಕಾಗಲ್ಲ. ಬಂಡೆಯ ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿ ಹೆಚ್ಚಾದದ್ದು ಅಕ್ಕ ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡಕ್ಕೆ, ಆಮೇಲೆ ಸಂತೆ ಹೊಂಡಕ್ಕೆ. ಬೆಟ್ಟದ ಮೇಲಿನ ಹನಿ ಊರಿನ ಸಂತೆವರೆಗೆ ನಡೆದುಕೊಂಡು ಬರುತ್ತದೆ ನೋಡಿ. ಎಲ್ಲೂ ಪಂಪಿಲ್ಲ. ಕಲ್ಲಿನ ಇಳಿಜಾರು ನೋಡಿಕೊಂಡು ಮಾಡಿದ ಕೆಲಸ ಅದು.

ನೀವು ಅಕ್ಟೋಬರ್ ಕೊನೆಗೆ ಹೋಗುತ್ತಿದ್ದೀರಿ, ಒಳ್ಳೆಯದೇ ಆಯಿತು. ಮಳೆ ಚೆನ್ನಾಗಿ ಆಗಿದ್ದರೆ ಹೊಂಡಗಳಲ್ಲಿ ನೀರು ಇರುತ್ತದೆ. ಗೋಪಾಲಸ್ವಾಮಿ ಹೊಂಡದ ಹತ್ತಿರ ಮಕ್ಕಳನ್ನು ನಿಲ್ಲಿಸಿ, "ಇದು ತುಂಬಿದರೆ ನೀರು ಯಾವ ಕಡೆ ಹೋಗುತ್ತೆ" ಅಂತ ಕೇಳಿ. ಅವರೇ ಓಡಾಡಿ ಕಂಡುಹಿಡಿಯಲಿ. ಹೊಂಡದ ಅಂಚಿಗೆ ಮಾತ್ರ ಬಿಡಬೇಡಿ, ಪಾಚಿ ಇರುತ್ತದೆ, ಆಳವೂ ಇದೆ.

ಇನ್ನೊಂದು, ಬಂಡೆಗಳ ಅಂಚಿನಲ್ಲಿ ಸಾಲಾಗಿ ಚೌಕಾಕಾರದ ಸಣ್ಣ ತೂತುಗಳಿರುತ್ತವೆ. ಹೊಲಿಗೆ ಬಿಚ್ಚಿದ ಬಟ್ಟೆಯ ಅಂಚಿನ ಹಾಗೆ ಕಾಣುತ್ತದೆ. ಬೆಣೆ ಇಟ್ಟು ಬಂಡೆ ಸೀಳಿದ ಗುರುತು ಅದು. ಕೆಲವು ಕಡೆ ಸಾಲು ಅರ್ಧಕ್ಕೇ ನಿಂತಿದೆ. ತೂತು ಹೊಡೆದಿದ್ದಾರೆ, ಬಂಡೆ ಸೀಳಿಲ್ಲ. ಅರಮನೆಯ ಗೋಡೆ ನೋಡಿದರೆ ಮಣ್ಣಿನದು, ಮಳೆಗೆ ಕರಗಿ ಮೊಂಡಾಗಿ ನಿಂತಿದೆ. ನಾಯಕರು ಕಾವಲಿಗೆ ಕಲ್ಲು ಹಾಕಿದರು, ತಾವು ಮಣ್ಣಿನ ಮನೆಯಲ್ಲಿ ಇದ್ದರು. ಪ್ರತಿ ಸಲ ಅಲ್ಲಿ ನಿಂತಾಗ ನನಗೆ ಗಂಟಲು ಕಟ್ಟುತ್ತದೆ.

ಇತಿಹಾಸ ಇಷ್ಟು ಹೇಳಿದರೆ ಮಕ್ಕಳಿಗೆ ಸಾಕು. ವಿಜಯನಗರದ ಕಾಲದಲ್ಲಿ ತಿಮ್ಮಣ್ಣ ನಾಯಕರಿಂದ ಶುರುವಾದ ಪಾಳೆಯಗಾರರ ಮನೆತನ. ಕೊನೆಯವರು ಮದಕರಿ ನಾಯಕರು, 1754ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಹೈದರಾಲಿ ಒಂದಲ್ಲ, ಹಲವು ಸಲ ದುರ್ಗದ ಮೇಲೆ ಬಂದ. ಕೋಟೆ ಬಿದ್ದಿದ್ದು 1779ರಲ್ಲಿ, ಅದೂ ಒಳಗಿನವರೇ ಕೆಲವರು ಆ ಕಡೆ ಸೇರಿಕೊಂಡ ಮೇಲೆ. ನಾಯಕರನ್ನೂ ಮನೆಯವರನ್ನೂ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಇಲ್ಲಿನ ಸಾವಿರಾರು ಜನರನ್ನೂ ಹಾಗೇ ಎಬ್ಬಿಸಿಕೊಂಡು ಹೋದರು. ಓಬವ್ವ ಕಾದಿದ್ದು ಗೆದ್ದ ಕಾಳಗದಲ್ಲಿ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಕೊನೆಗೆ ಕೋಟೆ ಹೋಯಿತು ಅನ್ನೋದನ್ನೂ ಹೇಳಿ, ಮುಚ್ಚಿಡಬೇಡಿ. ನಮ್ಮ ಮಕ್ಕಳು ಅದನ್ನು ಕೇಳಿ ಸುಮ್ಮನಾಗುತ್ತಾರೆ, ಆಮೇಲೆ ಒಳ್ಳೊಳ್ಳೆ ಪ್ರಶ್ನೆ ಕೇಳುತ್ತಾರೆ.

ಹರಿಹರದ ಹುಡುಗ

ಅಕ್ಕಾ, ಒಂದೇ ಮಾತು. ತುಪ್ಪದ ಕೊಳ ಬತೇರಿ, ಅಂದರೆ ಬಂಡೆ ಮೇಲಿನ ಆ ಕಾವಲು ಬುರುಜು, ಹತ್ತಬೇಡಿ. ಮಕ್ಕಳನ್ನಂತೂ ಹತ್ತಿಸಲೇಬೇಡಿ.

ಅದು ಬೋಳು ಬಂಡೆ. ಕಾಲು ಇಡೋಕೆ ಬಂಡೆಯಲ್ಲೇ ಸಣ್ಣ ಸಣ್ಣ ಗುಳಿ ಕೊರೆದಿದ್ದಾರೆ, ಅದೇ ಮೆಟ್ಟಿಲು. ಹತ್ತುವಾಗ ಏನೂ ಅನ್ನಿಸಲ್ಲ, ಕಣ್ಣು ಮೇಲೆ ಇರುತ್ತದೆ. ಮೇಲಿಂದ ಕಾಣೋದು ಮಾತ್ರ ಹೇಳತೀರದು. ಇಡೀ ಕೋಟೆ ಒಂದೇ ನೋಟಕ್ಕೆ, ಆಚೆ ಊರು, ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು. ಶತ್ರು ಯಾವ ದಿಕ್ಕಿನಿಂದ ಬಂದರೂ ಕಾವಲಿನವನಿಗೆ ಅರ್ಧ ದಿನ ಮೊದಲೇ ಧೂಳು ಕಂಡಿರಬೇಕು ಅಂತ ಅಲ್ಲಿ ನಿಂತಾಗ ಅನ್ನಿಸಿತು. ಕಷ್ಟ ಇರೋದು ಇಳಿಯೋದರಲ್ಲಿ. ಇಳಿಯುವಾಗ ಗುಳಿ ಕಾಣಲ್ಲ, ಕಾಲಿನಿಂದ ತಡವಿ ಹುಡುಕಬೇಕು. ಮೂರು ವರ್ಷದ ಹಿಂದೆ ನಾನು ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಬೆಳಗ್ಗೆ ತುಂತುರು ಬಿದ್ದಿತ್ತು. ನಡುವೆ ಒಂದು ಕಡೆ ಚಪ್ಪಲಿ ಜಾರಿತು, ಎಂಟು ಹತ್ತು ಅಡಿ ಬಂಡೆ ಮೇಲೆ ಹಾಗೇ ಸವರಿಕೊಂಡು ಬಂದೆ. ಅಂಗೈ ಚರ್ಮ ಕಿತ್ತು ಬಂತು, ಬಲಗಾಲಿನ ಹಿಮ್ಮಡಿ ಹತ್ತಿರ ಉಳುಕಿತು. ಅಲ್ಲಿಗೆ ಬಂದಿದ್ದ ಯಾರೋ ಇಬ್ಬರು, ಗುರುತಿಲ್ಲ ಪರಿಚಯವಿಲ್ಲ, ನನ್ನನ್ನು ಹೆಗಲು ಕೊಟ್ಟು ಕೆಳಗಿನ ಬಾಗಿಲವರೆಗೆ ಇಳಿಸಿದರು. ಒಂದೂವರೆ ಗಂಟೆ ಹಿಡಿಯಿತು. ಅವರ ಭಾನುವಾರ ಪೂರ್ತಿ ನನ್ನಿಂದ ಹಾಳಾಯಿತು. ಇವತ್ತಿಗೂ ಅವರನ್ನು ನೆನೆಸಿಕೊಳ್ಳುತ್ತೇನೆ.

ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಬರಿಗೈಯಲ್ಲಿ ಕೋಟೆಯ ಗೋಡೆ ಹತ್ತುತ್ತಾರೆ. ಅವರದು ವರ್ಷಗಟ್ಟಲೆ ಅಭ್ಯಾಸ. ಅವರನ್ನು ನೋಡಿ ಹುಡುಗರು ಗೋಡೆಗೆ ಕೈ ಹಾಕೋದನ್ನು ನೋಡಿದರೆ ನನಗೆ ಈಗ ಎದೆ ಝಲ್ಲೆನ್ನುತ್ತದೆ. ಎಂಟು ವರ್ಷದ ತಮ್ಮ ಇದ್ದಾನೆ ಅಂದಿರಲ್ಲ, ಅವನ ಕೈ ಬಿಡಬೇಡಿ. ಎಲ್ಲರೂ ಶೂ ಹಾಕಿ. ಅಡಿಭಾಗ ಸವೆದ ಹಳೇ ಶೂ ಬೇಡ.

ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ

ನಿಮ್ಮ ಮಾವನವರ ವಯಸ್ಸಿನವನು ನಾನು. ಎರಡೂ ಮೊಣಕಾಲು ನೋವು. ಕಳೆದ ಜನವರಿಯಲ್ಲಿ ಹೋಗಿದ್ದೆ, ಹಾಗಾಗಿ ಅವರಿಗೆ ಓದಿ ಹೇಳಿ.

ಹತ್ತುವಾಗ ಉಸಿರು ಕಷ್ಟ, ಇಳಿಯುವಾಗ ಮೊಣಕಾಲು ಕಷ್ಟ. ಆದ್ದರಿಂದ ಶಕ್ತಿಯೆಲ್ಲ ಹತ್ತೋದಕ್ಕೇ ಖರ್ಚು ಮಾಡಬೇಡಿ. ಒಂದು ಕೋಲು ತನ್ನಿ. ನಾಚಿಕೆ ಬೇಡ. ಇಳಿಯುವಾಗ ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ, ಆಮೇಲೆ ನೋವಿರುವ ಕಾಲು, ಆಮೇಲೆ ಇನ್ನೊಂದು. ಹತ್ತುವಾಗ ಇದರ ಉಲ್ಟಾ, ಗಟ್ಟಿ ಕಾಲು ಮೊದಲು. ಇದನ್ನು ಫಿಸಿಯೋಥೆರಪಿ ಮಾಡುವವರು ಹೇಳಿಕೊಟ್ಟಿದ್ದು, ಕೋಟೆಯಲ್ಲಿ ತುಂಬಾ ಉಪಯೋಗಕ್ಕೆ ಬಂತು. ಹಿಂದಿನ ದಿನವೇ ಕೈಚೀಲಕ್ಕೆ ಮಾತ್ರೆ ಹಾಕಿಟ್ಟುಕೊಳ್ಳಿ. ಮೊಣಕಾಲಿನ ಪಟ್ಟಿ ಬೆಳಗ್ಗೆ ಮನೆಯಲ್ಲೇ ಕಟ್ಟಿಕೊಳ್ಳಿ.

ನಾನು ಏಕನಾಥೇಶ್ವರಿವರೆಗೆ ಹೋದೆ. ಐವತ್ತು ನಿಮಿಷ ಆಯಿತು, ಹುಡುಗರಿಗೆ ಇಪ್ಪತ್ತು ಸಾಕು. ಕಿಂಡಿಗೆ ಹೋಗಲಿಲ್ಲ. ಬೇಜಾರಿಲ್ಲ. ಉಯ್ಯಾಲೆ ಕಂಬದ ಹತ್ತಿರ ಕೂತು ಆ ಕಲ್ಲಿನ ಚೌಕಟ್ಟನ್ನು ಎಷ್ಟೋ ಹೊತ್ತು ನೋಡಿದೆ. ಕಾವಲು, ಮದ್ದು, ಮುತ್ತಿಗೆ ಇಷ್ಟೆಲ್ಲದರ ನಡುವೆ ಈ ಜನ ದೇವಿಗೆ ಉಯ್ಯಾಲೆ ಕಟ್ಟಿ ತೂಗುತ್ತಿದ್ದರಲ್ಲ.

ಇಳಿದು ಬಂದ ಮೇಲೆ ಮಧ್ಯಾಹ್ನ ಮಾವನವರಿಗೆ ಚಂದ್ರವಳ್ಳಿ ತೋರಿಸಿ. ಊರಿನ ಪಕ್ಕದಲ್ಲೇ, ಕೆರೆವರೆಗೆ ಹತ್ತೋದು ಹೆಚ್ಚೇನಿಲ್ಲ. ಬೆಟ್ಟಗಳ ನಡುವೆ ಕೆರೆ. ಅಲ್ಲಿ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆ, ಕೆರೆಯ ವಿಷಯವೇ ಅದರಲ್ಲಿ ಇರೋದು. ಭಾಷೆ ಪ್ರಾಕೃತ. ಕನ್ನಡ ನಾಡಿನ ಮೊದಲ ದೊರೆಮನೆತನ ಅಂತ ನಾವು ಹೇಳೋ ಕದಂಬರ ದೊರೆ, ಈ ಕೆರೆಯ ಬಗ್ಗೆ ಕಲ್ಲಿನಲ್ಲಿ ಬರೆಸಿದ್ದಾನೆ, ಕೆರೆ ಇವತ್ತಿಗೂ ಎದುರಿಗೇ ಇದೆ! 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದರು. ಅದಕ್ಕೂ ಮೊದಲೇ ಮೈಸೂರಿನ ಎಂ.ಎಚ್. ಕೃಷ್ಣ ಅಗೆಸಿದ್ದರು. ಶಾತವಾಹನರ ನಾಣ್ಯದ ಜೊತೆ ರೋಮಿನ ನಾಣ್ಯಗಳೂ ಸಿಕ್ಕಿವೆ. ನಮ್ಮ ದುರ್ಗದಲ್ಲಿ, ಪಾಳೆಯಗಾರರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ.

ಅಲ್ಲಿ ಅಂಕಲಿ ಮಠ ಅಂತ ಬಂಡೆಯ ಅಡಿಯಲ್ಲಿ ಕೋಣೆಗಳಿವೆ. ಒಳಗೆ ಕತ್ತಲೆ, ಮೆಟ್ಟಿಲು ಕಡಿದು. ಟಾರ್ಚ್ ಬೇಕೇ ಬೇಕು, ಮೊಬೈಲ್ ಬೆಳಕು ಸಾಲದು. ಅಲ್ಲಿ ದಾರಿ ತೋರಿಸುವವರು ಸಿಕ್ಕರೆ ಅವರ ಜೊತೆ ಮಕ್ಕಳು ಹೋಗಲಿ, ಮಾವನವರು ಕೆರೆ ದಂಡೆಯಲ್ಲಿ ಇರಲಿ.

ಬೆಳಗಿನ ವಾಕಿಂಗ್ ಮಾಡುವವರು, ಚಿತ್ರದುರ್ಗ

ಕೋತಿಗಳ ವಿಷಯ ಯಾರೂ ಹೇಳಿಲ್ಲ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದು ನಡೆಯಬೇಡಿ. ಕವರಿನ ಸದ್ದು ಕೇಳಿದರೆ ಸಾಕು, ಬಂದೇ ಬರುತ್ತವೆ. ತಿಂಡಿ ಬ್ಯಾಗಿನ ಒಳಗೆ ಇರಲಿ, ಜಿಪ್ ಹಾಕಿ. ಕಸಿದುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಮಕ್ಕಳಿಗೂ ಹೇಳಿ, ಹಲ್ಲು ಕಿರಿದು ನಗಬಾರದು ಅಂತ. ಅದಕ್ಕೆ ಅದು ಬೇರೆ ಅರ್ಥ.

ಎತ್ತರದ ಬಂಡೆಗಳ ಅಡಿಯಲ್ಲಿ ಹೆಜ್ಜೇನು ಕಟ್ಟಿರುತ್ತವೆ. ಗಟ್ಟಿ ಸದ್ದು, ಕಲ್ಲೆಸೆಯೋದು, ಹೊಗೆ ಯಾವುದೂ ಬೇಡ.

ನೀರು ತಲೆಗೆ ಒಂದು ಲೀಟರಿಗಿಂತ ಜಾಸ್ತಿ ತನ್ನಿ. ಬಾಟಲಿ ವಾಪಸ್ ತೆಗೆದುಕೊಂಡು ಹೋಗಿ. ನಾವು ಕೆಲವರು ಭಾನುವಾರ ಕಸ ಆರಿಸುತ್ತೇವೆ. ಮದ್ದು ಬೀಸುವ ಕಲ್ಲಿನ ತಗ್ಗಿನಲ್ಲಿ ಕುರ್ಕುರೆ ಕವರ್ ಆರಿಸುವಾಗ ಬಹಳ ನೋವಾಗುತ್ತದೆ. ಬಂಡೆಯ ಮೇಲೆ ಹೆಸರು ಕೆತ್ತಿದವರನ್ನು ನೋಡಿದರಂತೂ ಏನು ಹೇಳಬೇಕೋ ತಿಳಿಯಲ್ಲ.

ಬೆಂಗಳೂರಿನಲ್ಲಿರುವ ಜಗಳೂರಿನವರು

ಅದೇ ದಿನ ಜೋಗಿಮಟ್ಟಿಗೂ ಹೋಗಿ ಬನ್ನಿ, ನಾವು ಕಾರಿನಲ್ಲಿ ಕೋಟೆ, ಚಂದ್ರವಳ್ಳಿ, ಆಡುಮಲ್ಲೇಶ್ವರ, ಜೋಗಿಮಟ್ಟಿ ನಾಲ್ಕೂ ಮುಗಿಸಿದ್ದೆವು. ಸಂಜೆ ಅಲ್ಲಿ ಮೋಡ ಕೈಗೆ ಸಿಗೋ ಹಾಗೆ ಇತ್ತು.

ಕೋಟೆ ಪಕ್ಕದ ಮನೆಯವರು, ಚಿತ್ರದುರ್ಗ

ನೀವು ಹೇಳಿದ್ದು ಹುಡುಗರ ಗುಂಪಿಗೆ ಸರಿ ಸಾರ್. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದಾಗ ನಾಲ್ಕು ಜಾಗ ಅಂದರೆ ನಾಲ್ಕೂ ಕಾರಿನ ಕಿಟಕಿಯಿಂದಲೇ ನೋಡಿದ ಹಾಗೆ. ಜೋಗಿಮಟ್ಟಿ ಕಾಡು. ಅಲ್ಲಿ ಕರಡಿಗಳಿವೆ, ಕತ್ತಲಾಗೋ ಹೊತ್ತಿಗೆ ಇರಬಾರದು. ಅದಕ್ಕೇ ಬೇರೆ ಒಂದು ದಿನ ಇಟ್ಟುಕೊಳ್ಳಲಿ. ಬೆಳಗ್ಗೆ ಕೋಟೆ, ಊಟ ಆದ ಮೇಲೆ ಚಂದ್ರವಳ್ಳಿ ಕೆರೆ, ಅಷ್ಟೇ. ಸಮಯ ಉಳಿದರೆ ಊರೊಳಗೆ ರಂಗಯ್ಯನ ಬಾಗಿಲಿನ ಮ್ಯೂಸಿಯಂ ನೋಡಬಹುದು.

ಗೈಡ್ ಕೇಳಿದ್ದಿರಿ. ತೆಗೆದುಕೊಳ್ಳಿ. ಆದರೆ ಹತ್ತುವ ಮೊದಲೇ ದುಡ್ಡು ಎಷ್ಟು, ಎಲ್ಲೆಲ್ಲಿ ತೋರಿಸುತ್ತಾರೆ ಅಂತ ಮಾತಾಡಿಕೊಳ್ಳಿ. "ತಣ್ಣೀರು ದೋಣಿ, ಹೊಂಡಗಳು, ಮದ್ದಿನ ಕಲ್ಲು ಮೂರೂ ಬೇಕು, ನಮ್ಮ ಜೊತೆ ವಯಸ್ಸಾದವರಿದ್ದಾರೆ, ನಿಧಾನ ಹೋಗಬೇಕು" ಅಂತ ಮೊದಲೇ ಹೇಳಿ. ಹಳಬರಾದರೆ ತಾತನ ಕಾಲದಿಂದ ಕೇಳಿದ ಕತೆಗಳನ್ನು ಹೇಳುತ್ತಾರೆ, ಪುಸ್ತಕದಲ್ಲಿ ಸಿಗಲ್ಲ.

ಮಾಯಕೊಂಡದ ಹತ್ತಿರದವರು

ನಿಮ್ಮ ಮಕ್ಕಳಿಗೆ ಯುದ್ಧ ನಡೆದ ಜಾಗ ತೋರಿಸಬೇಕು ಅಂದಿರಿ. ನಮ್ಮ ದಾವಣಗೆರೆ ತಾಲ್ಲೂಕಿನ ಮಾಯಕೊಂಡವನ್ನು ಯಾಕೆ ಎಲ್ಲರೂ ಮರೆಯುತ್ತಾರೆ? 1748ರಲ್ಲಿ ದುರ್ಗದ ಸೈನ್ಯ ಬಯಲಿನಲ್ಲಿ ದೊಡ್ಡ ಯುದ್ಧ ಮಾಡಿದ್ದು ಇಲ್ಲಿ. ಬಿದನೂರಿನವರು, ಹರಪನಹಳ್ಳಿಯವರು, ಇನ್ನೂ ಕೆಲವರು ಒಂದು ಕಡೆ. ದುರ್ಗದ ಹಿರೇ ಮದಕರಿ ನಾಯಕರು ಇನ್ನೊಂದು ಕಡೆ, ಜೊತೆಗೆ ಆರ್ಕಾಟ್ ಕಡೆಯ ಚಂದಾಸಾಹೇಬ. ನಾಯಕರು ಇಲ್ಲೇ ಬಿದ್ದರು. ಓಬವ್ವನ ಕಾಲದ ಮದಕರಿ ನಾಯಕರಲ್ಲ ಇವರು, ಹಿಂದಿನವರು.

ಈಗ ಹೋದರೆ ಏನೂ ಕಾಣಲ್ಲ. ಮೆಕ್ಕೆಜೋಳದ ಹೊಲ, ರೈಲ್ವೆ ಸ್ಟೇಷನ್, ಊರು. ಹೆದ್ದಾರಿಯಲ್ಲಿ ಸಿಗೋ ಊರೂ ಅಲ್ಲ, ಒಳದಾರಿ ಹಿಡಿಯಬೇಕು. ಆದರೆ ಕೋಟೆ ನೋಡಿದ ಮೇಲೆ ಇನ್ನೊಂದು ದಿನ ಈ ಬಯಲಿಗೆ ಮಕ್ಕಳನ್ನು ಕರೆದುಕೊಂಡು ಬನ್ನಿ. ಇಲ್ಲಿ ಬಚ್ಚಿಟ್ಟುಕೊಳ್ಳೋಕೆ ಒಂದು ಬಂಡೆ ಇಲ್ಲ. ಕಲ್ಲಿನ ಗೋಡೆ ಬಿಟ್ಟು ಹೊರಗೆ ಬಂದ ಸೈನ್ಯಕ್ಕೆ ಏನಾಯಿತು ಅಂತ ಆಗ ತಿಳಿಯುತ್ತದೆ. ನಮ್ಮ ಅಜ್ಜ ಹೊಲ ಉಳುವಾಗ ಪ್ರತಿ ವರ್ಷ ಮೊದಲ ಸಾಲಿಗೆ ಮುಂಚೆ ನೆಲಕ್ಕೆ ಕೈ ಮುಗಿಯುತ್ತಿದ್ದರು. ಭೂತಾಯಿಗೆ ಅಂತ ನಾನು ಅಂದುಕೊಂಡಿದ್ದೆ. "ಇಲ್ಲಿ ಮಲಗಿದವರಿಗೂ ಸೇರಿ" ಅಂತ ಒಮ್ಮೆ ಹೇಳಿದ್ದರು.

ಕಲ್ಲಿನ ಹುಚ್ಚಿರುವ ಇನ್ನೊಬ್ಬರು, ಹಿರಿಯೂರು

ಒಂದು ಸಣ್ಣ ಸೇರಿಕೆ. ಮಗನಿಗೆ ಕಲ್ಲು ಇಷ್ಟವಾದರೆ ಮತ್ತೊಮ್ಮೆ ಮಾರಡಿಹಳ್ಳಿಗೆ ಕರೆದುಕೊಂಡು ಹೋಗಿ. ದಿಂಬು ಜೋಡಿಸಿಟ್ಟ ಹಾಗೆ ಕಾಣುವ ಲಾವಾ ಕಲ್ಲು ಅಲ್ಲಿದೆ, ನೀರಿನೊಳಗೆ ಉಕ್ಕಿ ಹೆಪ್ಪುಗಟ್ಟಿದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ನಮ್ಮ ಬಯಲುಸೀಮೆ ಒಂದು ಕಾಲಕ್ಕೆ ನೀರಿನ ಅಡಿಯಲ್ಲಿ ಇತ್ತು ಅಂದರೆ ಮಕ್ಕಳ ಕಣ್ಣು ಅರಳುತ್ತದೆ.

ಕೇಳಿದವರು, ದಾವಣಗೆರೆ

ಹೋಗಿ ಬಂದೆವು! ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಮುಂದೆ ಹೋಗುವವರಿಗೆ ಉಪಯೋಗ ಆಗಲಿ ಅಂತ ನಮ್ಮದೂ ಬರೆಯುತ್ತೇನೆ.

ಐದೂವರೆ ಅಂದುಕೊಂಡದ್ದು ಆರು ಕಾಲಾಯಿತು, ಏಳೂವರೆಗೆ ಬಾಗಿಲಲ್ಲಿ ಇದ್ದೆವು. ಅಷ್ಟು ತಡವೂ ಲೆಕ್ಕಕ್ಕೆ ಬಂತು, ಇಳಿಯುವಾಗ ಬಿಸಿಲು ಚುರುಕಾಗಿತ್ತು. ಒಟ್ಟು ನಾಲ್ಕು ಗಂಟೆ ಕೋಟೆಯಲ್ಲಿ ಕಳೆದೆವು. ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತೆಗೆದುಕೊಂಡು ಹೋಗಿದ್ದೆ. ಕೋತಿಗಳಿಗೆ ಹೆದರಿ ಮೇಲೆ ಬಿಚ್ಚಲಿಲ್ಲ, ಕೆಳಗೆ ಬಂದು ಕಾರಿನಲ್ಲೇ ತಿಂದೆವು.

ಮಾವನವರು ಕೋಲು ಹಿಡಿಯಲ್ಲ ಅಂತ ಮೊದಲು ಹಟ ಮಾಡಿದರು. ಬ್ಯಾಂಕಿನ ಹಿರಿಯರು ಬರೆದದ್ದನ್ನು ಓದಿ ಹೇಳಿದ ಮೇಲೆ ಒಪ್ಪಿದರು. ಏಕನಾಥೇಶ್ವರಿವರೆಗೆ ಬಂದರು, ಯಜಮಾನರು ಅವರ ಜೊತೆ ಉಳಿದರು. ನಾವು ಕಿಂಡಿ ನೋಡಿ ವಾಪಸ್ ಬಂದಾಗ ಮಾವನವರು ಅಲ್ಲಿರಲಿಲ್ಲ! ನಿಧಾನ ನಡೆದುಕೊಂಡು ಅಕ್ಕ ತಂಗಿಯರ ಹೊಂಡದ ಹತ್ತಿರ ಹೋಗಿ ಕೂತಿದ್ದರು. ಮೇಲಿನ ಹೊಂಡದಿಂದ ನೀರು ಎಲ್ಲಿ ಬಂದು ಬೀಳುತ್ತದೆ ಅಂತ ಮಗನಿಗೆ ಅವರೇ ಕೋಲಿನಿಂದ ತೋರಿಸಿದರು. ಅವರು ಮೊದಲು ಹಳ್ಳಿಯಲ್ಲಿ ನೀರಗಂಟಿ ಕೆಲಸ, ಅಂದರೆ ಹೊಲಗಳಿಗೆ ಕೆರೆ ನೀರು ಬಿಡುವ ಕೆಲಸ, ನೋಡಿದವರು. "ಯಾರೋ ನಮ್ಮಂಥವರೇ ಮಾಡಿದಾರೆ ಕಣೋ ಇದನ್ನ, ಇಳಿಜಾರು ಗೊತ್ತಿರೋರು" ಅಂದರು. ಮಗ ಅವತ್ತಿನಿಂದ ಮನೆಯ ಮುಂದೆ ಮರಳಿನಲ್ಲಿ ಹೊಂಡ ತೋಡಿ ನೀರು ಬಿಡುತ್ತಿದ್ದಾನೆ.

ತಣ್ಣೀರು ದೋಣಿಯಿಂದ ಶುರು ಮಾಡಿ ಅಂತ ಹೇಳಿದ್ದು ನೂರಕ್ಕೆ ನೂರು ಸರಿ. ಮಗಳು ದೋಣಿ ಹತ್ತಿರ ಬಗ್ಗಿ ನೀರಿನಲ್ಲಿ ಕೈ ಅದ್ದಿದಳು, ಬಿಸಿಲಿನಲ್ಲೂ ತಣ್ಣಗಿತ್ತು. ಆಮೇಲೆ ತಮ್ಮನನ್ನು ಕಿಂಡಿಯ ಆ ಕಡೆ ಕಳಿಸಿ, ಈ ಕಡೆ ತಾನು ನಿಂತಳು. ಅವನು ತೂರಿಕೊಂಡು ಬರುವಾಗ ಮೊದಲು ಕೂದಲು, ಆಮೇಲೆ ಹಣೆ, ಆಮೇಲೆ ಒಂದು ಕೈ. ಮಗಳು ಬರಿಗೈ ಮೇಲೆತ್ತಿ ನಿಂತಿದ್ದವಳು ಹಾಗೇ ಕೈ ಇಳಿಸಿಬಿಟ್ಟಳು. ಏನಾಯ್ತೇ ಅಂದೆ. "ಅಮ್ಮಾ, ಅವಳಿಗೆ ಅವರ ಮುಖ ಕಾಣ್ತಿತ್ತು ಅಲ್ವಾ" ಅಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವತ್ತೇ ಓಬವ್ವನೂ ಹೋದಳು, ಊಟ ಮುಗಿಸಿ ಬಂದ ಗಂಡ ಕಹಳೆ ಊದಿದ, ಅಂತ ಕತೆ ಮುಗಿಸಿದೆ.

ಚಂದ್ರವಳ್ಳಿಯಲ್ಲಿ ಅಂಕಲಿ ಮಠಕ್ಕೆ ಹೋಗಲಿಲ್ಲ, ಮಕ್ಕಳಿಗೆ ಸಾಕಾಗಿತ್ತು. ಕೆರೆ ದಂಡೆಯಲ್ಲಿ ಒಂದು ಗಂಟೆ ಕೂತು ಬಂದೆವು. ಜೋಗಿಮಟ್ಟಿ, ಮಾಯಕೊಂಡ ಎರಡೂ ಬಾಕಿ ಇವೆ.

ನಾಟಕಕ್ಕೆ ಶಾಲೆಯಲ್ಲಿ ಥರ್ಮೋಕೋಲಿನ ಒನಕೆ ಮಾಡಿಕೊಟ್ಟಿದ್ದರು. ಮಗಳಿಗೆ ಈಗ ಅದು ಬೇಡ. ಮೊನ್ನೆ ಮಾವನವರು ಊರಿಗೆ ಹೋದಾಗ ಅಟ್ಟದ ಮೇಲಿದ್ದ ಅತ್ತೆಯ ಒನಕೆ ಇಳಿಸಿಕೊಂಡು ಬಂದಿದ್ದಾರೆ. ತುದಿಗೆ ಕಬ್ಬಿಣದ ಬಳೆ, ನಡುವೆ ಕೈ ಹಿಡಿದು ಹಿಡಿದು ಸವೆದ ಜಾಗ. ಮಗಳ ಕೈ ಸರಿಯಾಗಿ ಅಲ್ಲೇ ಕೂರುತ್ತದೆ. ಒಂದು ಕೈಯಲ್ಲಿ ಎತ್ತೋಕೆ ಆಗಲ್ಲ ಅವಳಿಗೆ, ಎರಡೂ ಕೈ ಬೇಕು. ದಿನಾ ಸಂಜೆ ಅಂಗಳದಲ್ಲಿ ಎತ್ತಿ ಇಳಿಸಿ ಅಭ್ಯಾಸ ಮಾಡುತ್ತಿದ್ದಾಳೆ, ತಾತ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎಣಿಸುತ್ತಾರೆ. ನಿನ್ನೆ ಹದಿನಾಲ್ಕಕ್ಕೆ ಬಂತು.